ಡಾಕ್ಟರು ಉಣ್ಣುವ ಮನೆ

ಕಿಟಕಿಯಾಚೆ ಗಂಡ ಮತ್ತೊಮ್ಮೆ ತಟ್ಟೆ ಚಾಚಿದ. ಬೀದಿಯಲ್ಲಿ ನಿಂತಿದ್ದ ಅಪೊಲೋನಿಯಾ ಹಲ್ಲು ಕಚ್ಚಿದಳು. ಮನೆಯಲ್ಲಿ ಹಸಿವಿಲ್ಲವೆಂದು ಸೂಪಿನ ಬಟ್ಟಲು ಸರಿಸಿ ಎದ್ದವನು, ಇಲ್ಲಿ ವಿಧವೆ ತೇಸೆನ್ ಬಡಿಸಿದ ಆಲೂಗೆಡ್ಡೆ ದೋಸೆಯನ್ನು ಬಾಯಿ ಚಪ್ಪರಿಸಿ ತಿನ್ನುತ್ತಿದ್ದ.

ಟ್ರಿಯರ್ ಊರಿಗೆಲ್ಲ ಅವಳ ಗಂಡ ಡಾಕ್ಟರ್ ಆನ್ಸೆಲ್ಮ್ ಕಿರ್ಫೆಲ್ ದೇವರಂಥವನು. ಟೈಫಾಯ್ಡ್ ಎಲ್ಲಿಂದ ಬರುತ್ತದೆಂದು ಪತ್ತೆಹಚ್ಚಲು ಬಾವಿಬಾವಿಯ ನೀರು, ಮನೆಮನೆಯ ಮಲ ತಂದು ಗಾಜಿನ ತಟ್ಟೆಗಳಲ್ಲಿ ಕ್ರಿಮಿ ಬೆಳೆಸಿ ನೋಡುವವನು. ಚಳಿಗಾಲದಲ್ಲಿ ಅದೇ ಜ್ವರ ಅವನ ಮನೆಗೂ ನುಗ್ಗಿ ಐದು ವರ್ಷದ ಮಗ ಮಾಟಿಯಾಸ್‌ನನ್ನು ಒಯ್ದಿತ್ತು. ಆಮೇಲೆ ಕೆಲಸದ ಇಬ್ಬರು ಹೆಂಗಸರು ಒಬ್ಬಳ ಹಿಂದೊಬ್ಬಳು ಹಾಸಿಗೆ ಹಿಡಿದರು. ಆನ್ಸೆಲ್ಮ್ ತನ್ನ ಮನೆಮಂದಿಯ ಮಲವನ್ನೂ ಸೀಸೆಗಳಲ್ಲಿ ಕೊಂಡೊಯ್ದ. ಏನು ಸಿಕ್ಕಿತೆಂದು ಹೇಳಲೇ ಇಲ್ಲ.

ಅಲ್ಲಿಂದಾಚೆ ಅವನು ಬೇರೆಯೇ ಮನುಷ್ಯ. ಉಳಿದಿದ್ದ ಮಗಳನ್ನು ತನ್ನ ತಂಗಿಯ ಮನೆಗೆ ಕಳಿಸಿಬಿಟ್ಟ. ಹೊಸ ಕೆಲಸದವರು ಬೇಡವೆಂದ. ಹೆಂಡತಿಯ ಕೈ ತಾಗಿದರೆ ಎದ್ದು ಹೋಗಿ ಸೋಪು ಹಚ್ಚಿ ತೊಳೆದುಕೊಂಡ. "ನಾನೇನು ಹೊಲಸಾ?" ಎಂದರೆ ಗೋಡೆ ನೋಡಿದ.

"ನಿಮ್ಮ ಯಜಮಾನ್ರು ದಿನಾ ಮಧ್ಯಾಹ್ನ ತೇಸೆನ್ ಮನೇಲಿ ಹಾಜರು ಅಮ್ಮೋರೇ," ಎಂದು ಮೀನು ಮಾರುವವಳು ಕಣ್ಣು ಮಿಟುಕಿಸಿದ್ದಳು. "ಆಕೆ ಕೈರುಚಿ ಹಂಗಿದೆಯಂತೆ!"

ಆ ಮಾತು ನಾಲ್ಕು ದಿನ ಎದೆಯಲ್ಲಿ ಕುದ್ದಿತ್ತು. ಈಗ ಅಪೊಲೋನಿಯಾ ಬಾಗಿಲು ದೂಡಿ ಒಳನುಗ್ಗಿದಳು.

"ಅಯ್ಯೋ, ಕೂತ್ಕೊಳ್ಳಿ ಅಮ್ಮಾ," ಎಂದಳು ತೇಸೆನ್, ಗಾಬರಿಯಿಂದ.

"ಕೂರೋಕೆ ಬಂದಿಲ್ಲ." ಗಂಡನತ್ತ ತಿರುಗಿದಳು. "ಇವಳ ಅಡುಗೇಲಿ ಅಂಥಾದ್ದೇನಿದೆ ರೀ, ನನ್ನದರಲ್ಲಿ ಇಲ್ಲದ್ದು?"

ಆನ್ಸೆಲ್ಮ್‌ನ ಮುಖ ಬಿಳಿಚಿಕೊಂಡಿತು. "ಏನೂ ಇಲ್ಲ. ಮನೆಗೆ ಹೋಗೋಣ ನಡಿ, ಲೋನಿ."

"ಇಲ್ಲೇ ಹೇಳಿ. ಇವಳೂ ಕೇಳಲಿ! ಮೂರು ತಿಂಗಳಾಯ್ತು, ನನ್ನ ಕೈಯಡುಗೆ ಒಂದು ತುತ್ತೂ ಮುಟ್ಟಿಲ್ಲ ನೀವು. ಇವಳು ಬಡಿಸಿದ್ರೆ ಮಾತ್ರ ಗಂಟಲಲ್ಲಿಳಿಯುತ್ತಾ?"

ಅವನು ತಟ್ಟೆ ಪಕ್ಕಕ್ಕಿಟ್ಟ.

"ಹುಡುಗಿಯಾಗಿದ್ದಾಗ ನಿನಗೆ ಟೈಫಾಯ್ಡ್ ಬಂದಿತ್ತಲ್ಲ... ನೀನು ವಾಸಿಯಾದೆ. ಕ್ರಿಮಿ ಹೋಗಲಿಲ್ಲ. ಇನ್ನೂ ನಿನ್ನ ಹೊಟ್ಟೇಲೇ ಇದೆ. ನಿನಗೇನೂ ಮಾಡಲ್ಲ ಅದು. ಆದ್ರೆ ಕೈಯಿಂದ ಅಡುಗೆಗೆ ಬರುತ್ತೆ, ಉಂಡೋರಿಗೆ ಹತ್ತುತ್ತೆ. ಮೂರು ಸಲ ಪರೀಕ್ಷೆ ಮಾಡಿ ನೋಡಿದೆ. ಹೇಳೋಕೆ ಬಾಯಿ ಬರಲಿಲ್ಲ ಲೋನಿ. ಹೇಳಿದ ತಕ್ಷಣ ನೀನೇನು ಕೇಳ್ತೀಯ ಅನ್ನೋದು ಗೊತ್ತಿತ್ತು."

ಅವಳು ಅದನ್ನೇ ಕೇಳಿದಳು: "ಹಾಗಾದ್ರೆ... ಮಾಟಿಯಾಸ್‌ಗೆ ನನ್ನಿಂದಾನಾ?"