ಹಾಲು ಹೊಯ್ದ ಕಲ್ಲು

ಹಾಲಲ್ಲಿ ನೆನೆದ ಉಣ್ಣೆಯ ವಾಸನೆ ಬಂದರೆ ಇವತ್ತಿಗೂ ನನಗೆ ಆ ಸುತ್ತಿಗೆಯ ಏಟು ಕೇಳಿಸುತ್ತದೆ.

ಎಪ್ಪತ್ತರ ದಶಕದಲ್ಲಿ ನಮ್ಮ ಕುರಿಹಟ್ಟಿ ಜೋಗಿಮಟ್ಟಿ ಗುಡ್ಡದ ಬುಡದಲ್ಲಿತ್ತು. ಅದರ ಬಾಗಿಲಲ್ಲಿ ಪಟ್ಟೆಪಟ್ಟೆಯ ಒಂದು ಕಲ್ಲು. ಈದ ಕುರಿಯ ಮೊದಲ ಹಾಲನ್ನು ಅಜ್ಜಿ ಅದಕ್ಕೇ ಹೊಯ್ಯುತ್ತಿದ್ದಳು. ಕುಂಕುಮ, ಹೂವು ಏನೂ ಇಲ್ಲ. ಹಾಗಾಗಿ ಗುಡ್ಡದ ಕಲ್ಲು ಪರೀಕ್ಷಿಸಲು ಬಂದಿದ್ದ ಸಾಹೇಬರಿಗೆ ಅದು ದೇವರೆಂದು ತಿಳಿಯಲೇ ಇಲ್ಲ. ಅವರ ಸುತ್ತಿಗೆಯ ಒಂದೇ ಏಟಿಗೆ ನಮ್ಮ ದೇವರು ಎರಡು ಹೋಳಾಯಿತು.

ಅಜ್ಜಿಗೆ ಕೊಡಲು ತಂದಿದ್ದ ಹಾಲಿನ ಚೊಂಬು ನನ್ನ ಕೈಜಾರಿ ಪಕ್ಕದಲ್ಲಿದ್ದ ಅವಳ ಕಂಬಳಿಯೆಲ್ಲ ತೊಯ್ದುಹೋಯಿತು.

"ಏನ್ ಮಾಡಿದ್ರಿ ಸ್ವಾಮಿ, ಅದು ನಮ್ ದ್ಯಾವ್ರು!" ಅಜ್ಜಿ ಚೀರಿದಳು.

ಸಾಹೇಬರು ಏನೂ ತೋಚದೆ ಅದೇ ಕಂಬಳಿಯನ್ನು ನೆಲಕ್ಕೆ ಹಾಸಿ ಎರಡೂ ತುದಿಗಳಿಂದ ಒತ್ತಿದರು. ಮಡಿಕೆಗಳು ಎದ್ದವು. "ಕಲ್ಲಿನ ಪದರಗಳೂ ಹೀಗೇ ಒತ್ತಡಕ್ಕೆ ಮಡಚಿಕೊಂಡವಮ್ಮ, ಈ ಗುಡ್ಡ ಎದ್ದಿದ್ದು ಹಾಗೆ. ತಡೆಯಲಾರದ ಕಡೆ ಸೀಳಿ ಜಾರಿದವು. ಅದನ್ನ ನೋಡೋಕೆ ಒಡೆದೆ, ತಪ್ಪಾಯ್ತು."

ಅಜ್ಜಿ ಒಂದು ಹೋಳನ್ನು ಎತ್ತಿಕೊಂಡಳು. ಒಳಗೆ ಪಟ್ಟೆಗಳು ತುಂಡಾಗಿ ಬೆರಳಷ್ಟು ಜಾರಿದ್ದವು. ಆ ಸೀಳನ್ನು ಬಿಳಿ ಕಲ್ಲಿನ ಗೆರೆಯೊಂದು ಹೊಲಿದಂತೆ ಕೂಡಿಸಿತ್ತು.

"ಇದು ಮೊದ್ಲೂ ಒಂದ್ಸಲ ಮುರಿದೈತೆ. ಆಮ್ಯಾಲೆ ಕೂಡ್ಕಂಡೈತೆ" ಎಂದಳು. ಎರಡೂ ಹೋಳುಗಳನ್ನು ಜೋಡಿಸಿ ಉಣ್ಣೆಯ ದಾರ ಬಿಗಿದಳು. "ಮತ್ತೆ ಕೂಡ್ಕಣಾಕೆ ಎಷ್ಟು ದಿನ ಬೇಕು, ನೀವೇ ಹೇಳ್ರಿ. ಅಲ್ಲಿಗಂಟ ಹಾಲು ಹೊಯ್ತೀನಿ."

ಸಾಹೇಬರು ಸುತ್ತಿಗೆಯನ್ನು ನೆಲಕ್ಕಿಟ್ಟರು. ಅದಕ್ಕೆ ಲಕ್ಷಾಂತರ ವರ್ಷ ಬೇಕೆನ್ನದೆ, ಉರುಳಿದ್ದ ಚೊಂಬನ್ನು ಎತ್ತಿ ಅಜ್ಜಿಯ ಕೈಗಿಟ್ಟರು.