ಕೆಂಪು ಪಂಜರದ ನೀರು

ಒಂದು ಇಲಿಯೂ ಸತ್ತಿರಲಿಲ್ಲ. ಲಸಿಕೆ ತಯಾರಿಸಿದ ವಿಜ್ಞಾನಿ ಗಾಬರಿಯಿಂದ ಎರಡೂ ಪಂಜರಗಳಲ್ಲಿ ಮತ್ತೊಮ್ಮೆ ಎಣಿಸಿದಳು.

ಮಲೇರಿಯಾ ರೋಗಾಣು ಚುಚ್ಚಿ ಒಂಬತ್ತು ದಿನವಾಗಿತ್ತು. ಕೆಂಪು ಚೀಟಿಯ ಪಂಜರದಲ್ಲಿ ಹತ್ತು ಇಲಿ, ನೀಲಿ ಚೀಟಿಯದರಲ್ಲಿ ಹತ್ತು. ಅದಕ್ಕೂ ಮೊದಲು ಒಂದು ಗುಂಪಿಗೆ ಅವಳ ಲಸಿಕೆ, ಇನ್ನೊಂದಕ್ಕೆ ಬರೀ ಉಪ್ಪುನೀರು ಹಾಕಲಾಗಿತ್ತು. ಯಾವುದಕ್ಕೆ ಯಾವುದು ಎಂಬುದು ಸೂಜಿ ಹಿಡಿದ ಸಂಸ್ಥೆಯ ನಿರ್ದೇಶಕರೊಬ್ಬರಿಗೇ ಗೊತ್ತು. ಫಲಿತಾಂಶ ನೋಡುವವರ ಕಣ್ಣು ಪಕ್ಷಪಾತ ಮಾಡಬಾರದಲ್ಲ.

ಲಸಿಕೆ ಗೆದ್ದರೆ ಒಂದು ಪಂಜರ ಉಳಿಯಬೇಕು. ಸೋತರೆ ಎರಡೂ ಹೋಗಬೇಕು. ಎರಡೂ ಉಳಿಯುವುದೆಂದರೇನು? ರೋಗಾಣುವೇ ಸತ್ತಿತ್ತು ಎನ್ನೋಣವೆಂದರೆ, ಅದೇ ಸೀಸೆಯಿಂದ ಚುಚ್ಚಿದ್ದ, ಲಸಿಕೆಯಿಲ್ಲದ ಬೇರೆ ನಾಲ್ಕು ಇಲಿಗಳು ಮೊನ್ನೆಯೇ ಸತ್ತಿದ್ದವು.

ಯಾರೋ ಕೈಯಾಡಿಸಿದ್ದಾರೆ.

ರೋಗಾಣುವಿನ ಒಂದು ಪ್ರೋಟೀನನ್ನು ಬ್ಯಾಕ್ಟೀರಿಯಾದೊಳಗೆ ಬೆಳೆಸಿ, ಸೋಸಿ, ಲಸಿಕೆಯಾಗಿಸಲು ಅವಳಿಗೆ ಆರು ವರ್ಷ ಹಿಡಿದಿತ್ತು. ಇದು ಕೊನೆಯ ಅವಕಾಶ. ಬಗ್ಗಿ ನೋಡಿದಳು. ಕೆಂಪು ಪಂಜರದ ನೀರಿನ ಬಾಟಲಿಗೆ ಇರುವೆ ಮುತ್ತಿದ್ದವು. ತೆಗೆದು ಅಲ್ಲಾಡಿಸಿದಳು. ಬಿಳಿ ಪುಡಿ ಎದ್ದಿತು.

ಇಲಿಗಳನ್ನು ನೋಡಿಕೊಳ್ಳುವ ಮುದುಕ, ಎಲ್ಲರ ಬಾಯಲ್ಲಿ ‘ಇಲಿಯಜ್ಜ’, ಹೊಟ್ಟಿನ ಚೀಲ ಹೊತ್ತು ಒಳಗೆ ಬಂದವನು ಅಲ್ಲೇ ನಿಂತ.

“ಏನ್ ಹಾಕಿದ್ರಿ ಇದಕ್ಕೆ?”

ಅವನು ಚೀಲ ಇಳಿಸಿದ. “ಮಲೇರಿಯಾ ಮಾತ್ರೆ. ಕುಟ್ಟಿ ಹಾಕ್ದೆ. ಕಹಿ ಅಂತ ಕುಡೀಲಿಲ್ಲ, ಸಕ್ಕರೆ ಬೆರೆಸ್ದೆ.”

“ಯಾಕಜ್ಜಾ?”

“ಕೆಂಪಿನವಕ್ಕೇ ನಿಮ್ಮ ಲಸಿಕೆ ಅಂದ್ಕೊಂಡೆ. ಇವು ಸತ್ರೆ ಕೆಲಸಾನೇ ನಿಲ್ಲಿಸ್ತಾರಂತೆ. ನನ್ನ ಮಗಳು ಈ ಜ್ವರದಲ್ಲೇ ಹೋದ್ಲಮ್ಮಾ, ಐದು ವರ್ಷದೋಳು. ನಿಲ್ಲಬಾರ್ದು ಅನ್ನಿಸ್ತು.”

ಅವಳು ನೀಲಿ ಪಂಜರದತ್ತ ತಿರುಗಿದಳು. “ನೀಲಿಗೆ?”

“ಅದನ್ನ ಮುಟ್ಟಿಲ್ಲ.”

“ಸುಳ್ಳು ಹೇಳ್ಬೇಡಿ. ಅವೂ ಬದುಕಿವೆಯಲ್ಲ!”

“ಸತ್ತ ಮಗಳಾಣೆ, ಮುಟ್ಟಿಲ್ಲ.”

ಅರ್ಧ ಒಪ್ಪಿಕೊಂಡು ಅರ್ಧ ಮುಚ್ಚಿಡುವ ಮಾತು. ಅವಳು ಬಾಗಿಲತ್ತ ಕೈ ತೋರಿಸಿದಳು. “ಕೀಲಿ ಮೇಜಿನ ಮೇಲಿಟ್ಟು ಹೋಗಿ. ನಾಳೆಯಿಂದ ಬರ್ಬೇಡಿ.”

ಹನ್ನೊಂದು ವರ್ಷ ಆ ಪಂಜರಗಳನ್ನು ತೊಳೆದ ಮನುಷ್ಯ ಕೀಲಿ ಇಟ್ಟ. ಬಾಗಿಲವರೆಗೆ ಹೋಗಿ ತಿರುಗಿದ. “ನೀಲಿಯವಕ್ಕೆ ನೀರು ಮುಗೀತಾ ಬಂತು. ತುಂಬ್ಸೋಕೆ ಹೇಳಿ.”

ನಿರ್ದೇಶಕರ ಕೋಣೆಯಲ್ಲಿ ಅವಳು ಕೂರಲೂ ಇಲ್ಲ. ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿದಳು. “ಆರು ವರ್ಷ ನೀರಲ್ಲಿ ಹೋಮ ಆಯ್ತು ಸಾರ್. ಕೆಂಪಿಗೆ ಮಾತ್ರೆ ಹಾಕಿದ್ದು ಇಲಿಯಜ್ಜ ಒಪ್ಕೊಂಡ್ರು. ನೀಲಿಗೂ ಹಾಕಿದಾರೆ, ಬಾಯಿ ಬಿಡ್ತಿಲ್ಲ. ಕಳಿಸ್ಬಿಟ್ಟೆ.”

ಅವರು ಕನ್ನಡಕ ಏರಿಸಿ, ಬೀರುವಿನಿಂದ ತಮ್ಮ ದಾಖಲೆ ಪುಸ್ತಕ ತೆಗೆದರು. ಒಂದು ಪುಟದ ಮೇಲೆ ಅವರ ಬೆರಳು ನಿಂತಿತು. ಮತ್ತೆ ಮೇಲಿನಿಂದ ಓದಿದರು.

“ಆ ಅಜ್ಜನ್ನ ಓಡಿಹೋಗಿ ಕರ್ಕೊಂಡ್ ಬಾ ತಾಯಿ,” ಎಂದರು. “ಕೆಂಪಿನವಕ್ಕೆ ನಾನು ಹಾಕಿದ್ದು ಉಪ್ಪುನೀರು, ಅವನ್ನ ಉಳಿಸಿದ್ದು ಅಜ್ಜನ ಮಾತ್ರೆ. ಲಸಿಕೆ ಹಾಕಿದ್ದು ನೀಲಿಯವಕ್ಕೆ.”