ಬಾದಾಮಿ ಮರದ ಬಾಯಿಬಡುಕಿ

ನಾಲ್ಕನೆಯ ದಿನವೂ ಕ್ಯಾನ್ವಾಸಿನ ಮೇಲೆ ಪೆನ್ಸಿಲ್ ಗೆರೆ ಬಿಟ್ಟರೆ ಬೇರೇನೂ ಬೀಳಲಿಲ್ಲ. ಚಿತ್ರ ಬರೆಸುತ್ತಿದ್ದ ವೃಷಭೇಂದ್ರಪ್ಪನವರು ಗೇಟಿನಿಂದ ಮೂರನೆಯ ಸಲ ಇಣುಕಿದರು.

"ಆಂಜಿನಯ್ಯನವರೇ, ಬಣ್ಣ ಯಾವಾಗ ಹಚ್ತೀರಿ? ಎಲೆ ಉದುರೋಕೆ ಶುರುವಾಯ್ತು."

"ನೋಡ್ತಿದೀನಿ ಸಾರ್. ಮರ ಅಂದ್ಮೇಲೆ ಮೊದ್ಲು ಚೆನ್ನಾಗಿ ನೋಡ್ಬೇಕು."

"ನಾಲ್ಕು ದಿನದಿಂದ ನೋಡ್ತಾನೇ ಇದೀರಲ್ಲ!"

ಆಂಜಿನಯ್ಯ ಕುಂಚವನ್ನು ಬಟ್ಟೆಗೆ ಒರೆಸಿದ. ಕುಂಚ ಒದ್ದೆಯೇ ಆಗಿರಲಿಲ್ಲ.

ಶಂಕರಪುರದ ಆ ಮನೆ ಮುಂದಿನ ಬಾದಾಮಿ ಮರ ಜನವರಿಯ ಕೊನೆಗೆ ಹತ್ತು ದಿನ ಮಾತ್ರ ಕೆಂಪೇರುತ್ತದೆ. ಅರ್ಧ ಎಲೆ ಹಸಿರು, ಅರ್ಧ ಕೆಂಪು. ಆಮೇಲೆ ಬೋಳು. ವೃಷಭೇಂದ್ರಪ್ಪನವರ ಮಗಳು ಹಂಸಾ ಆ ಎಲೆಗಳಲ್ಲೇ ಅಡುಗೆಯಾಟ ಆಡಿ ಬೆಳೆದವಳು. ಮುಂದಿನ ತಿಂಗಳು ಅವಳ ಮದುವೆ. ಕೆಂಪಾದ ಮರದ ಚಿತ್ರವನ್ನು ಗಂಡನ ಮನೆಗೆ ಒಯ್ಯಬೇಕೆಂದು ಅವಳ ಹಟ.

ಈ ಕೆಲಸ ಒಪ್ಪಿಕೊಂಡವನು ಆಂಜಿನಯ್ಯನಲ್ಲ, ಅವನ ಹೆಂಡತಿ ಹನುಮಕ್ಕ. ದಸರೆಗೆ ಮುಂಚೆ, "ಮರ ಕೆಂಪಾಗ್ಲಿ ಸಾರ್, ಇಬ್ರೂ ಬರ್ತೀವಿ" ಎಂದು ಮಾತು ಕೊಟ್ಟಿದ್ದಳು. ದೀಪಾವಳಿಯ ಹೊತ್ತಿಗೆ ಅವಳೇ ಇರಲಿಲ್ಲ. "ಮದುವೆಯಾದ ವರ್ಷ ನಾನು ತಂದ ಕೆಂಪು ಸೀರೆ ಇದೆಯಲ್ಲ, ಅದನ್ನೇ ಉಡಿಸಿ" ಎಂದು ಹೆಣದ ಮುಂದೆ ಕೂತು ಆಂಜಿನಯ್ಯ ಅತ್ತಿದ್ದ. ಹೆಂಗಸರು ಮುಖ ಮುಖ ನೋಡಿಕೊಂಡರು. ಮೂವತ್ತೊಂದು ವರ್ಷದ ಹಳೆಯ ಸೀರೆ. ಆದರೂ ಹನುಮಕ್ಕನ ತಂಗಿ ಚೂಡಾಮಣಿ ತುಟಿ ಬಿಚ್ಚದೆ ಪೆಟ್ಟಿಗೆ ತೆರೆದಳು.

ದುಃಖ ಕೈ ಕಟ್ಟಿಹಾಕಿದೆ, ಪಾಪ, ಎಂದರು ನೋಡಿದವರು. ನಿಜ. ಆದರೆ ಪೂರ್ತಿ ನಿಜವಲ್ಲ.

ಆಂಜಿನಯ್ಯನಿಗೆ ಹುಟ್ಟಿದಾಗಿನಿಂದ ಕೆಂಪೂ ಹಸಿರೂ ಒಂದೇ. ಎರಡೂ ಒಣಗಿದ ಸಗಣಿಯ ಬಣ್ಣ. ಮೂರನೇ ಕ್ಲಾಸಿನಲ್ಲಿ ಕೆಂಪು ಗಿಳಿ ಬರೆದು ನಗೆಪಾಟಲಾದ ಮೇಲೆ ಈ ಸಂಗತಿಯನ್ನು ಯಾರಿಗೂ ಹೇಳಲಿಲ್ಲ. ಕಟ್ಟಿಕೊಂಡವಳಿಗೂ ಹೇಳಲಿಲ್ಲ. ಡಬ್ಬಿಯ ಮೇಲಿನ ಹೆಸರು ಓದಿ ಚಾಮರಾಜಪೇಟೆಯ ಅಂಗಡಿಗಳಿಗೆಲ್ಲ ಬೋರ್ಡು ಬರೆದ. ಬೋರ್ಡಿಗೆ ಅಷ್ಟು ಸಾಕು. ಆದರೆ ಅವನ ಜೀವವೆಲ್ಲ ಮರಗಳ ಮೇಲೆ, ಮತ್ತು ಎಲೆಯ ಮೇಲೆ ಯಾರೂ ಬಣ್ಣದ ಹೆಸರು ಬರೆದಿರುವುದಿಲ್ಲ.

ಅದಕ್ಕೇ ದೇವರು ಅವನಿಗೆ ಹನುಮಕ್ಕನ ಬಾಯಿ ಕೊಟ್ಟಿದ್ದ. ಮನೆಯಲ್ಲಿ ಅಕ್ಕ ತಂಗಿ ಇಬ್ಬರೂ ಮಾತಿಗೆ ಕಡುಬಡವರು. "ನೀರು ಬಂತು", "ಊಟಕ್ಕೆ ಬನ್ನಿ". ಮುಗಿಯಿತು ಭಾಷಣ. ಮರದ ಮುಂದೆ ಕೂತರೆ ಮಾತ್ರ ಹನುಮಕ್ಕ ಬೇರೆಯೇ ಹೆಂಗಸು. ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಾ ಒಂದೇ ಸಮನೆ ವಟವಟ. "ಅಯ್ಯೋ, ಆ ತುದಿ ಕೊಂಬೆ ನೋಡ್ರೀ, ಕುಂಕುಮ ಚೆಲ್ದಂಗಿದೆ! ಅದ್ರ ಕೆಳಗಿಂದು ಗಿಣಿಹಸ್ರು. ಈ ಕಡೇದು ಹಳೇ ಇಟ್ಟಿಗೆ ಥರ." ಮನೆಯ ನಾಲ್ಕು ಗೋಡೆ ದಾಟಿದರೆ ಅವಳ ನಾಲಿಗೆ ಸಡಿಲವಾಗುತ್ತದೆ ಎಂದುಕೊಂಡಿದ್ದ ಆಂಜಿನಯ್ಯ. ಅವಳ ಮಾತಿನಲ್ಲೇ ಕುಂಚ ಅದ್ದಿ ಬರೆದ. ಗುಟ್ಟು ಬಯಲಾಗದಿರಲೆಂದು ನಡುನಡುವೆ ಗದರುತ್ತಿದ್ದ.

"ಬಾಯಿಬಡುಕಿ! ಸುಮ್ನಿರೇ ಸ್ವಲ್ಪ. ನನ್ಗೇನು ಕಣ್ಣಿಲ್ವಾ?"

ಅವಳು ಒಂದು ಗಳಿಗೆ ಸುಮ್ಮನಾಗುವಳು. ಮತ್ತೆ ಶುರು.

ಒಂದು ದಿನ ಎಲ್ಲ ಹೇಳಿ ಅವಳಿಗೆ ಕೈ ಮುಗಿಯಬೇಕೆಂದಿತ್ತು. ಆಸ್ಪತ್ರೆಯಲ್ಲಿ ಅವಳ ಮಂಚದ ಪಕ್ಕ ಕೂತಾಗಲೆಲ್ಲ ಮಾತು ಬಾಯಿ ತನಕ ಬಂದು ನಿಂತಿತು. ನಾಳೆ ಹೇಳೋಣ ಎಂದುಕೊಂಡ. ಆ ನಾಳೆ ಬರಲಿಲ್ಲ. ಇಷ್ಟು ವರ್ಷ ಅವಳಿಂದ ಪಡೆದು, ಬರೀ ಬೈಗುಳ ಕೊಟ್ಟು ಕಳಿಸಿದೆನಲ್ಲ ಎಂದು ದಿನಕ್ಕೆ ಹತ್ತು ಸಲ ನೆನೆಯುತ್ತಿದ್ದ.

ಐದನೆಯ ಬೆಳಿಗ್ಗೆ ಚೂಡಾಮಣಿ ಬಂದಳು. ಯಾರೂ ಕರೆದಿರಲಿಲ್ಲ. ಮಾಮೂಲ್‌ಪೇಟೆಯ ಅಂಗಡಿಯ ಕೆಲಸಕ್ಕೆ ರಜೆ ಹಾಕಿ, ಒಂದು ಚೀಲ ಅವರೆಕಾಯಿ ಹಿಡಿದು ಬಂದಿದ್ದಳು. ಅಕ್ಕ ಕೂರುತ್ತಿದ್ದ ಎಡಗಡೆಯೇ ಚಾಪೆ ಹಾಸಿ ಕೂತಳು. ಕಾಯಿ ಬಿಡಿಸತೊಡಗಿದಳು.

ಆಂಜಿನಯ್ಯ ಮರ ನೋಡಿದ. ಇಡೀ ಮರ ಸಗಣಿ ಬಳಿದ ಗೋಡೆ. ನೂರಾರು ಎಲೆಗಳಲ್ಲಿ ಕೆಂಪು ಯಾವುದು, ಹಸಿರು ಯಾವುದು? ಹನುಮಕ್ಕ ಕೊಟ್ಟ ಮಾತು ಅವಳ ಜೊತೆಗೇ ಹೋಯಿತು ಎಂದುಕೊಂಡು ಎದ್ದ. ವೃಷಭೇಂದ್ರಪ್ಪನವರಿಗೆ ಆಗುವುದಿಲ್ಲ ಎಂದು ಹೇಳಿಬಿಡಬೇಕು. ಸ್ಟ್ಯಾಂಡಿನ ಕಾಲು ಮಡಚತೊಡಗಿದ.

"ಭಾವ," ಎಂದಳು ಚೂಡಾಮಣಿ. ಪಾಠ ಒಪ್ಪಿಸುವವಳಂತೆ ತಡವರಿಸಿದಳು. "ಆ... ಎಡಗಡೆ ತುದಿ ಕೊಂಬೇಲಿ ಐದು ಎಲೆ, ಕುಂಕುಮದ ಬಣ್ಣ. ಅದ್ರ ಕೆಳಗಿಂದೆಲ್ಲ ಗಿಣಿಹಸ್ರು. ಕಾಂಡದ ಹತ್ರ ಇರೋದು... ಹಳೇ ಇಟ್ಟಿಗೆ."

ಆಂಜಿನಯ್ಯನ ಹಳೆಯ ಭಯ ಹಳೆಯ ಮಾತನ್ನೇ ಹೊರಡಿಸಿತು.

"ಸುಮ್ನಿರಮ್ಮ ಸ್ವಲ್ಪ! ನನ್ಗೇನು ಕಣ್ಣಿಲ್ವಾ?"

ಕೈ ಮಾತ್ರ ಆಗಲೇ 'ಕೆಂಪು' ಎಂದು ಬರೆದಿದ್ದ ಟ್ಯೂಬಿನ ಮುಚ್ಚಳ ತಿರುಗಿಸುತ್ತಿತ್ತು.

ಚೂಡಾಮಣಿ ಬೇಸರ ಮಾಡಿಕೊಳ್ಳಲಿಲ್ಲ. ಒಂದು ಕಾಯಿ ಬಿಡಿಸಿ ಕಾಳು ಉದುರಿಸಿದಳು.

"ಹೀಗೇ ಬೈತೀರಿ ಅಂತ ಅಕ್ಕ ಹೇಳಿದ್ಲು. ಆಸ್ಪತ್ರೇಲಿ ಬಣ್ಣದ ಹೆಸ್ರೆಲ್ಲ ನನ್ಗೆ ಬಾಯಿಪಾಠ ಮಾಡ್ಸಿದ್ಲು. ಬೈದ್ರೂ ನಿಲ್ಲಿಸ್ಬೇಡ ಅಂದ್ಲು."

ಟ್ಯೂಬು ಅವನ ಕೈಯಿಂದ ಜಾರಿತು.

"ಅವ್ಳಿಗೆ... ಯಾವಾಗಿಂದ ಗೊತ್ತಿತ್ತು?"

ಚೂಡಾಮಣಿ ತಲೆ ಎತ್ತಲಿಲ್ಲ.

"ಮದುವೆಯಾದ ವರ್ಷ ನೀವು ತಂದ ಆ ಕೆಂಪು ಸೀರೆ, ಹಸಿರು, ಭಾವ."